ಮುಳುಗಿಸಿದರೆ ಸೋತಂತೆ: ಕಡಲ್ಗಳ್ಳರ ಟರ್ನ್-ಬೇಸ್ಡ್ ಆಟಗಳ ಒಳಗಿನ ಲೆಕ್ಕ

ನಿಮ್ಮದು ಎಂಟು ಫಿರಂಗಿಯ ಪುಟ್ಟ ಹಡಗು. ಎದುರಿಗೆ ಸಕ್ಕರೆ, ತಂಬಾಕು ತುಂಬಿಕೊಂಡ ವ್ಯಾಪಾರಿ ಹಡಗು. ನಿಮ್ಮದಕ್ಕಿಂತ ಎರಡು ಪಟ್ಟು ದೊಡ್ಡದು. ಸರದಿ ನಿಮ್ಮದು. ಗುಂಡು ಹೊಡೆಯಬಹುದು, ತಾಗುವುದೂ ಗ್ಯಾರಂಟಿ. ಹೀಗೇ ನಾಲ್ಕೈದು ಸಲ ಹೊಡೆದರೆ ಆ ಹಡಗು ಮುಳುಗುತ್ತದೆ. ಮುಳುಗಿದರೆ ಸಕ್ಕರೆಯೂ ಹೋಯಿತು, ತಂಬಾಕೂ ಹೋಯಿತು, ಹಡಗೂ ಹೋಯಿತು. ನಿಮಗೆ ಉಳಿದದ್ದು ಖರ್ಚಾದ ಮದ್ದುಗುಂಡಿನ ಲೆಕ್ಕ ಮಾತ್ರ.

ಕಡಲ್ಗಳ್ಳರ ಸ್ಟ್ರಾಟಜಿ ಆಟಗಳನ್ನು ಉಳಿದ ಯುದ್ಧದ ಆಟಗಳಿಂದ ಬೇರೆ ಮಾಡುವುದು ಈ ಒಂದು ಸಂಗತಿ. ಟ್ಯಾಂಕುಗಳ ಆಟದಲ್ಲಿ ಎದುರಾಳಿಯ ಟ್ಯಾಂಕ್ ಪುಡಿಪುಡಿಯಾದರೆ ಕೆಲಸ ಮುಗಿಯಿತು. ಇಲ್ಲಿ ಎದುರಾಳಿಯ ಹಡಗು ಎಷ್ಟು ಕಡಿಮೆ ಹಾಳಾಗುತ್ತದೋ ನಿಮ್ಮ ಲಾಭ ಅಷ್ಟು ಜಾಸ್ತಿ. ಕಪ್ಪು ಬಾವುಟ, ಒಂದು ಕಣ್ಣಿಗೆ ಕಟ್ಟಿದ ಪಟ್ಟಿ, ಭುಜದ ಮೇಲಿನ ಗಿಳಿ, ಇವನ್ನೆಲ್ಲ ಯಾವ ಆಟಕ್ಕೆ ಬೇಕಾದರೂ ಅಂಟಿಸಬಹುದು. ಗೆಲ್ಲಬೇಕು, ಆದರೆ ಒಡೆಯಬಾರದು ಅನ್ನುವ ಈ ಬಿಗಿ ಲೆಕ್ಕ ಇದ್ದರೆ ಮಾತ್ರ ಅದು ನಿಜವಾಗಿ ಕಡಲ್ಗಳ್ಳರ ಆಟ. ಈ ಲೆಕ್ಕ ಹಾಕುವುದಕ್ಕೆ ಟರ್ನ್-ಬೇಸ್ಡ್ ವಿಧಾನದಷ್ಟು ಹೊಂದುವ ವಿಧಾನ ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಸರದಿ ಅಂದರೆ ಎಲ್ಲ ಕಡೆ ಒಂದೇ ಅಲ್ಲ

ಟರ್ನ್-ಬೇಸ್ಡ್ ಆಟದಲ್ಲಿ ನಿಮ್ಮ ಸರದಿ ಬಂದಾಗ ಜಗತ್ತು ನಿಂತು ಕಾಯುತ್ತದೆ. ನೀವು ಯೋಚಿಸಿ ಒಂದು ನಡೆ ಇಡುತ್ತೀರಿ, ಆಮೇಲೆ ಎದುರಾಳಿ ಇಡುತ್ತಾನೆ. ಬೆರಳಿನ ಚುರುಕಿಗೆ ಇಲ್ಲಿ ಬೆಲೆ ಇಲ್ಲ, ಯೋಚನೆಗೆ ಬೆಲೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಸರದಿಯನ್ನು ಹೇಗೆ ಹಂಚುತ್ತಾರೆ ಅನ್ನುವುದರಲ್ಲಿ ಮೂರು ದಾರಿಗಳಿವೆ. ದಾರಿ ಬದಲಾದರೆ ಆಟದ ರುಚಿಯೇ ಬದಲಾಗುತ್ತದೆ.

ಒಂದು, ಇಡೀ ಪಕ್ಷಕ್ಕೆ ಒಂದು ಸರದಿ. ನನ್ನ ಕಡೆಯವರೆಲ್ಲ ನಡೆದಾದ ಮೇಲೆ ನಿನ್ನ ಕಡೆಯವರೆಲ್ಲ. 2004ರ 'ಸಿಡ್ ಮೈಯರ್ಸ್ ಪೈರೇಟ್ಸ್!' ಆಟದಲ್ಲಿ ಊರಿನ ಮೇಲೆ ದಾಳಿ ಮಾಡುವಾಗ ಹೀಗೇ ನಡೆಯುತ್ತದೆ. 1987ರಲ್ಲಿ ಕಮೋಡೋರ್ 64 ಕಂಪ್ಯೂಟರಿಗೆ ಬಂದ ಮೂಲ ಆಟವನ್ನು ಫಿರಾಕ್ಸಿಸ್ ಕಂಪನಿ ಹೊಸದಾಗಿ ಮಾಡಿದಾಗ ಕಡಲ ಕಾಳಗವನ್ನು ಓಡುವ ಸಮಯದಲ್ಲೇ, ಅಂದರೆ ಸರದಿ ಇಲ್ಲದೆ ಎಲ್ಲರೂ ಒಟ್ಟಿಗೆ ಆಡುವ ಹಾಗೇ, ಉಳಿಸಿಕೊಂಡಿತು. ನೆಲದ ಕಾಳಗವನ್ನು ಮಾತ್ರ ಸರದಿಗೆ ತಂದಿತು. ಕಾಡಿನ ಮರೆ, ಎತ್ತರದ ಜಾಗ, ಪಕ್ಕದಿಂದ ನುಗ್ಗುವುದು ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಎರಡು, ಹಡಗಿಗೊಂದು ಸರದಿ. ಚುರುಕಾದ ಹಡಗು ಮೊದಲು, ಭಾರದ್ದು ಆಮೇಲೆ. ನನ್ನದು, ನಿನ್ನದು, ಮತ್ತೆ ನಿನ್ನದು, ಹೀಗೆ ಬೆರೆತು ಸಾಗುತ್ತದೆ. 2020ರ 'ಪೋರ್ಟ್ ರಾಯಲ್ 4' ಈ ದಾರಿ ಹಿಡಿಯಿತು. ಅದು ಮೂಲತಃ 17ನೇ ಶತಮಾನದ ಕೆರಿಬಿಯನ್ ಕಡಲಿನ ವ್ಯಾಪಾರದ ಆಟ. ಹಿಂದಿನ ಆಟಗಳಲ್ಲಿ ಓಡುವ ಸಮಯದಲ್ಲಿದ್ದ ಕಾಳಗವನ್ನು ಇಲ್ಲಿ ಆರು ಮೂಲೆಯ ಮನೆಗಳ ಹಾಸಿನ ಮೇಲೆ, ಸರದಿಗೆ ಇಳಿಸಿದರು. ಈ ದಾರಿಯ ಒಳ್ಳೆಯ ಗುಣ ಏನೆಂದರೆ, ಮುಂದೆ ಯಾರ ಸರದಿ ಅಂತ ಪರದೆಯ ಮೇಲೇ ಕಾಣುತ್ತಿರುತ್ತದೆ. ಹಾಗಾಗಿ ದೊಡ್ಡ ಹಡಗಿಗೆ ಸರದಿ ಬರುವ ಮೊದಲೇ ಅದರ ಹಾಯಿ ಹರಿಯಬೇಕಾ, ಅಥವಾ ಪಕ್ಕದ ಚಿಕ್ಕದನ್ನು ಮುಗಿಸಬೇಕಾ ಅನ್ನುವ ಪ್ರಶ್ನೆ ಪ್ರತಿ ಸಲವೂ ಎದುರಾಗುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಇಬ್ಬರೂ ಗುಟ್ಟಾಗಿ ನಡೆ ಬರೆದಿಡುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ನಡೆಯುತ್ತವೆ. 2003ರಲ್ಲಿ ಥ್ರೀ ರಿಂಗ್ಸ್ ಕಂಪನಿ ತಂದ 'ಪಜಲ್ ಪೈರೇಟ್ಸ್' ಆನ್‌ಲೈನ್ ಆಟದಲ್ಲಿ ಕಡಲ ಕಾಳಗ ಇರುವುದು ಹೀಗೆ. ಚುಕ್ಕಾಣಿ ಹಿಡಿದವರಿಗೆ ಸ್ವಲ್ಪವೇ ಸಮಯ ಸಿಗುತ್ತದೆ. ಅಷ್ಟರಲ್ಲಿ ನಾಲ್ಕು ನಡೆಗಳನ್ನು ಸಾಲಾಗಿ ಜೋಡಿಸಬೇಕು: ಮುಂದೆ, ಎಡ, ಮುಂದೆ, ಬಲ. ಪ್ರತಿ ನಡೆಯ ಪಕ್ಕದಲ್ಲಿ ಗುಂಡು ಎಡಕ್ಕೋ ಬಲಕ್ಕೋ ಅಂತ ಗುರುತು ಹಾಕಬೇಕು. ಸಮಯ ಮುಗಿದ ಕೂಡಲೇ ಎರಡೂ ಹಡಗು ಒಟ್ಟಿಗೆ ಚಲಿಸುತ್ತವೆ.

ಇದನ್ನು ಒಂದು ಸಲ ಹತ್ತಿರದಿಂದ ನೋಡಿ. ಎದುರಾಳಿ ನಿಮ್ಮ ಬಲಗಡೆ ಎರಡು ಮನೆ ದೂರದಲ್ಲಿದ್ದಾನೆ. ಅವನು ನಿಮ್ಮ ಕಡೆ ತಿರುಗುತ್ತಾನೆ ಅಂತ ನಿಮ್ಮ ಊಹೆ. ಹಾಗಾದರೆ ಎರಡನೇ ನಡೆಯಲ್ಲಿ ಅವನು ನಿಮ್ಮ ಪಕ್ಕಕ್ಕೆ ಬಂದಿರುತ್ತಾನೆ, ಆಗ ಬಲಕ್ಕೆ ಗುಂಡು. ಆದರೆ ನೀವು ಹೀಗೆ ಊಹಿಸುತ್ತೀರಿ ಅಂತ ಅವನೂ ಊಹಿಸಿದರೆ? ಅವನು ನೇರ ಮುಂದೆ ಹೋಗಿಬಿಡುತ್ತಾನೆ. ನಿಮ್ಮ ಗುಂಡು ನೀರಿಗೆ ಬೀಳುತ್ತದೆ. ಅಷ್ಟರಲ್ಲಿ ನೀವು ತಿರುಗಿದ್ದರಿಂದ ನಿಮ್ಮ ಹಿಂಬದಿ ಅವನ ಫಿರಂಗಿಗಳ ಎದುರಿಗೆ ಬಂದಿರುತ್ತದೆ. ನಡುವೆ ಗಾಳಿಯ ಮನೆಗಳೂ ಸುಳಿಗಳೂ ಇವೆ. ಅವು ಹಡಗನ್ನು ತಮಗೆ ಬೇಕಾದ ಕಡೆ ತಳ್ಳುತ್ತವೆ. ಜೊತೆಗೆ ನಡೆಗಳು ಬಿಟ್ಟಿ ಸಿಗುವುದಿಲ್ಲ. ಹಡಗಿನ ಪ್ರತಿ ಕೆಲಸವೂ ಇಲ್ಲಿ ಒಂದು ಒಗಟಿನ ಆಟ. ಹಾಯಿಯ ಕೆಲಸದಲ್ಲಿರುವ ಆಟಗಾರರು ತಮ್ಮ ಒಗಟನ್ನು ಬಿಡಿಸಿದಷ್ಟೂ ಚುಕ್ಕಾಣಿಯವರಿಗೆ ನಡೆಗಳು ಸಿಗುತ್ತವೆ. 'ಎಡ' ಅನ್ನುವ ನಡೆಯೇ ಖಾಲಿಯಾಗಿದ್ದರೆ ಎಡಕ್ಕೆ ತಿರುಗುವ ಹಾಗೇ ಇಲ್ಲ. ನಾಯಕನ ಬುದ್ಧಿ ಎಷ್ಟೇ ಚುರುಕಿರಲಿ, ಕೆಳಗೆ ಬೆವರು ಸುರಿಸುವವರ ಕೆಲಸದ ಮೇಲೆ ಅವನು ನಿಂತಿದ್ದಾನೆ. ಇದಕ್ಕಿಂತ ನಿಜವಾದ ಹಡಗಿನ ಚಿತ್ರ ಬೇಕಾ?

ಮರೆ ಇಲ್ಲದ ಬಯಲು

ನೆಲದ ಮೇಲಿನ ಸರದಿ ಆಟಗಳಲ್ಲಿ ಅರ್ಧ ತಂತ್ರ ಮರೆಯಲ್ಲಿ ನಿಲ್ಲುವುದು. ಗೋಡೆ, ಬಂಡೆ, ಮರ, ಕಿಟಕಿ ಎಲ್ಲಾದರೂ ಅಡಗಿ ಹೊಡೆಯಬಹುದು. ಕಡಲಲ್ಲಿ ಏನಿದೆ? ನೀರು. ಸುತ್ತ ನೀರೇ. ಸುಮ್ನೆ ಒಂದು ನೀಲಿ ಹಾಸಿನ ಮೇಲೆ ಎರಡು ಹಡಗು ಇಟ್ಟು ಸರದಿ ಕೊಟ್ಟರೆ ಆಟ ಆಗುವುದಿಲ್ಲ. ಇಬ್ಬರೂ ಎದುರುಬದುರು ನಿಂತು ಗುಂಡು ಹೊಡೆಯುತ್ತಾರೆ, ದೊಡ್ಡ ಹಡಗು ಗೆಲ್ಲುತ್ತದೆ. ಕಡಲ ಆಟ ಮಾಡುವವರಿಗೆ ಮೊದಲು ಎದುರಾಗುವ ಕಷ್ಟ ಇದು. ಇದಕ್ಕೆ ಉತ್ತರವನ್ನು ಅವರು ಹಾಯಿ ಹಡಗಿನಲ್ಲೇ ಹುಡುಕಿಕೊಂಡಿದ್ದಾರೆ.

ಮೊದಲನೆಯದು ಹಡಗಿನ ಮುಖ. ಹಾಯಿ ಹಡಗಿನ ಫಿರಂಗಿಗಳು ಬಹುಪಾಲು ಎರಡೂ ಪಕ್ಕೆಗಳಲ್ಲಿ ಇರುತ್ತವೆ. ಮುಂದಕ್ಕೆ ಒಂದೆರಡು, ಹಿಂದಕ್ಕೆ ಒಂದೆರಡು ಇದ್ದರೆ ಅದೇ ಹೆಚ್ಚು. ಅಂದರೆ ಹೊಡೆಯಬೇಕಾದರೆ ಪಕ್ಕೆ ತೋರಿಸಬೇಕು, ಪಕ್ಕೆ ತೋರಿಸಿದರೆ ನೀವೇ ದೊಡ್ಡ ಗುರಿ ಆಗುತ್ತೀರಿ. ಎದುರಾಳಿಯ ಹಿಂಬದಿಗೆ ಹೋಗಿ ನಿಂತರೆ ಅವನಿಗೆ ಹೆಚ್ಚು ಕಡಿಮೆ ಫಿರಂಗಿಯೇ ಇಲ್ಲ. ನಿಮ್ಮ ಗುಂಡು ಮಾತ್ರ ಅವನ ಹಡಗಿನ ಈ ತುದಿಯಿಂದ ಆ ತುದಿಯವರೆಗೆ ಹಾಯುತ್ತದೆ. ನೆಲದ ಆಟದಲ್ಲಿ ಗೋಡೆ ಮಾಡುವ ಕೆಲಸವನ್ನು ಇಲ್ಲಿ ಎದುರಾಳಿಯ ಹಿಂಬದಿ ಮಾಡುತ್ತದೆ. ಅಲ್ಲಿ ಸೇರಿಕೊಂಡರೆ ನೀವು ಕ್ಷೇಮ.

ಎರಡನೆಯದು ಗಾಳಿ. ಅಡ್ಡ ಹಾಯಿಗಳ ದೊಡ್ಡ ಹಡಗು ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲಾರದು. ಸುಮಾರು 65ರಿಂದ 70 ಡಿಗ್ರಿ ಓರೆಯಲ್ಲಿ ಮಾತ್ರ ಹತ್ತಬಲ್ಲದು. ಹಡಗಿನ ಉದ್ದಕ್ಕೆ ಕಟ್ಟಿದ ಹಾಯಿಯ, ಸ್ಲೂಪ್ ಅನ್ನುವ ಚಿಕ್ಕ ಹಡಗು ಅದಕ್ಕಿಂತ ಗಾಳಿಯ ಹತ್ತಿರಕ್ಕೆ ಹೋಗುತ್ತದೆ. ಕಡಲ್ಗಳ್ಳರು ಸ್ಲೂಪನ್ನು ಅಷ್ಟು ಇಷ್ಟಪಡುತ್ತಿದ್ದುದಕ್ಕೆ ಇದೊಂದು ಕಾರಣ. ಗಾಳಿ ಬರುವ ಕಡೆ ಇರುವವನಿಗೆ ಯಾವಾಗ ಮೇಲೆ ಬೀಳಬೇಕು ಅನ್ನುವ ಆಯ್ಕೆ ಇದೆ, ಎದುರಿನವನಿಗೆ ಇಲ್ಲ. ಒಳ್ಳೆಯ ಆಟದಲ್ಲಿ ಇದು ನಡೆಯ ಲೆಕ್ಕವಾಗಿ ಬರುತ್ತದೆ. ಗಾಳಿಯ ಜೊತೆ ನಾಲ್ಕು ಮನೆ, ಅಡ್ಡಕ್ಕೆ ಮೂರು, ಎದುರಿಗೆ ಒಂದು. ಗಾಳಿ ಎರಡೂ ಕಡೆಯವರಿಗೂ ಸೇರದ ಮೂರನೇ ಆಟಗಾರ. ಅದು ಯಾರ ಮಾತೂ ಕೇಳುವುದಿಲ್ಲ.

ಮೂರನೆಯದು ಆಳ. ಸ್ಲೂಪ್ ಕಡಿಮೆ ನೀರಿನಲ್ಲೂ ತೇಲುತ್ತದೆ. ನೌಕಾಪಡೆಯ ಭಾರದ ಹಡಗು ಅಲ್ಲಿಗೆ ಬಂದರೆ ಮರಳಿನಲ್ಲಿ ಕೂರುತ್ತದೆ. ಆಟದ ಹಾಸಿನ ಮೇಲೆ ನಾಲ್ಕು ಮನೆಗೆ ತಿಳಿ ನೀಲಿ ಬಣ್ಣ ಕೊಟ್ಟು 'ಇಲ್ಲಿ ದೊಡ್ಡ ಹಡಗು ಬರುವಂತಿಲ್ಲ' ಅಂದರೆ ಸಾಕು, ಬಲ ಕಡಿಮೆ ಇರುವವನಿಗೆ ಒಂದು ಆಸರೆ ಸಿಕ್ಕಿತು.

ಇನ್ನೊಂದು ಮಾತು. ಹಾಯಿ ಹಡಗಿನ ನಾಯಕ ನಿಜವಾಗಿಯೂ ಸರದಿಯಲ್ಲೇ ಬದುಕುತ್ತಿದ್ದ. ತಿರುಗಿಸಿ ಅಂತ ಆಜ್ಞೆ ಕೊಟ್ಟರೆ ಹಡಗು ತಿರುಗಲು ನಿಮಿಷಗಳೇ ಬೇಕು. ಫಿರಂಗಿ ಒಮ್ಮೆ ಹಾರಿದರೆ ಮತ್ತೆ ಮದ್ದು ತುಂಬುವವರೆಗೆ ಕಾಯಬೇಕು. ಆಜ್ಞೆ ಕೊಡು, ಕಾಯಿ, ಏನಾಯಿತು ನೋಡು, ಮತ್ತೆ ಆಜ್ಞೆ ಕೊಡು. 2018ರ 'ಪಿಲ್ಲರ್ಸ್ ಆಫ್ ಇಟರ್ನಿಟಿ 2: ಡೆಡ್‌ಫೈರ್' ಇದನ್ನು ತುಂಬ ಧೈರ್ಯವಾಗಿ ಬಳಸಿಕೊಂಡಿತು. ಅದರ ಹಡಗು ಕಾಳಗ ಬಹುಪಾಲು ಬರಹದಲ್ಲೇ ನಡೆಯುತ್ತದೆ. ಎದುರಾಳಿ ಎಷ್ಟು ದೂರ, ಯಾವ ಪಕ್ಕೆ ಎದುರಿಗಿದೆ, ಫಿರಂಗಿ ತುಂಬಲು ಇನ್ನೆಷ್ಟು ಸುತ್ತು ಬೇಕು ಅಂತ ಓದಿ, ಪೂರ್ತಿ ಹಾಯಿಯೋ ಅರ್ಧ ಹಾಯಿಯೋ ತಿರುಗುವುದೋ ಅಂತ ಆರಿಸಬೇಕು. ಚಿತ್ರ ಕಡಿಮೆ ಅಂತ ಬೇಸರಪಟ್ಟವರು ಇದ್ದಾರೆ. ನನಗೆ ಮಾತ್ರ ಆ ಕಾಯುವಿಕೆಯೇ ಹಿಡಿಸಿತು.

ಮೂರು ಬಗೆಯ ಗುಂಡು, ಐದು ಸರದಿ

ಈಗ ಮೊದಲ ಪ್ರಶ್ನೆಗೆ ಬರೋಣ. ಒಡೆಯದೆ ಗೆಲ್ಲುವುದು ಹೇಗೆ?

ಇಂಥ ಆಟಗಳಲ್ಲಿ ಹಡಗಿಗೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಆಯಸ್ಸು ಇರುತ್ತದೆ: ಒಡಲು, ಹಾಯಿ, ಜನ. ಅದಕ್ಕೆ ತಕ್ಕಂತೆ ಗುಂಡಿನಲ್ಲೂ ಮೂರು ಬಗೆ. ಉಂಡೆ ಗುಂಡು ಒಡಲು ಒಡೆಯುತ್ತದೆ. ಸರಪಳಿ ಗುಂಡು, ಅಂದರೆ ಸರಪಳಿಯಿಂದ ಜೋಡಿಸಿದ ಎರಡು ಗುಂಡು, ತಿರುಗುತ್ತಾ ಹೋಗಿ ಹಾಯಿ ಹಗ್ಗ ಹರಿಯುತ್ತದೆ. ಚಿಕ್ಕ ಚಿಕ್ಕ ಗುಂಡುಗಳ ಗೊಂಚಲು ಹತ್ತಿರದಿಂದ ಹೊಡೆದರೆ ಹಡಗಿನ ಮೇಲಿರುವ ಜನರಿಗೆ ತಾಗುತ್ತದೆ, ಮರಕ್ಕೆ ಅಷ್ಟೇನೂ ಆಗುವುದಿಲ್ಲ. ಈ ಮೂರೂ ನಿಜವಾಗಿ ಬಳಕೆಯಲ್ಲಿದ್ದ ಗುಂಡುಗಳು. 'ಪೈರೇಟ್ಸ್!' ಆಟದ 2004ರ ರೂಪದಲ್ಲೂ ಡೆಡ್‌ಫೈರ್‌ನಲ್ಲೂ ಇವನ್ನು ಕಾಣಬಹುದು.

ಲೆಕ್ಕ ಹೇಗೆ ನಡೆಯುತ್ತದೆ ಅಂತ ತೋರಿಸಲು ಒಂದು ಕಲ್ಪನೆಯ ಹಡಗು ತೆಗೆದುಕೊಳ್ಳೋಣ. ಒಡಲು 100, ಹಾಯಿ 60, ಜನ 40. ನಿಮ್ಮ ಹಡಗಿನಲ್ಲಿ ಜನ 30. ಉಂಡೆ ಗುಂಡಿನ ಒಂದು ಸುತ್ತಿಗೆ ಒಡಲು 20 ಇಳಿಯುತ್ತದೆ. ಸರಪಳಿಯ ಒಂದು ಸುತ್ತಿಗೆ ಹಾಯಿ 20 ಇಳಿಯುತ್ತದೆ. ಗೊಂಚಲಿನ ಒಂದು ಸುತ್ತಿಗೆ ಜನ 8 ಇಳಿಯುತ್ತಾರೆ, ಆದರೆ ಅದು ಪಕ್ಕದ ಮನೆಗೆ ಮಾತ್ರ ತಲುಪುತ್ತದೆ. ನಿಮ್ಮ ಕೈಯಲ್ಲಿ ಐದು ಸುತ್ತು ಇದೆ ಅಂತಿಟ್ಟುಕೊಳ್ಳಿ.

ಐದೂ ಸುತ್ತು ಉಂಡೆ ಗುಂಡು ಹೊಡೆದರೆ ಒಡಲು ಸೊನ್ನೆ. ಹಡಗು ಮುಳುಗಿತು, ಕೈಗೆ ಏನೂ ಬರಲಿಲ್ಲ.

ಅದೇ ಐದು ಸುತ್ತನ್ನು ಹೀಗೆ ಬಳಸಿ. ಮೊದಲ ಎರಡು ಸರಪಳಿ. ಹಾಯಿ 60ರಿಂದ 20ಕ್ಕೆ ಇಳಿಯಿತು. ಈಗ ಆ ಹಡಗು ತಿರುಗುವುದಕ್ಕೂ ಒದ್ದಾಡುತ್ತದೆ. ನೀವು ಆರಾಮಾಗಿ ಸುತ್ತಿ ಅದರ ಹಿಂಬದಿಗೆ ಹೋಗುತ್ತೀರಿ. ಅಲ್ಲಿಂದ ಮೂರು ಸುತ್ತು ಗೊಂಚಲು. ಜನ 40ರಿಂದ 16. ಈಗ ಹಗ್ಗ ಎಸೆದು ಹಡಗಿಗೆ ಹಡಗು ಕಟ್ಟಿ ಲಗ್ಗೆ ಹಾಕಿದರೆ ನಿಮ್ಮ 30 ಜನರ ಎದುರು ಅವರ 16 ಜನ. ಒಡಲಿನ 100ರಲ್ಲಿ ಒಂದೂ ಕಡಿಮೆಯಾಗಿಲ್ಲ. ಸರಕು ನಿಮ್ಮದು, ಹಡಗು ನಿಮ್ಮದು. ಹಾಯಿ ಹೊಲಿಸಿದರೆ ನಾಳೆಯಿಂದ ಅದೇ ನಿಮ್ಮ ಎರಡನೇ ಹಡಗು.

ಇಷ್ಟು ಸರಳವಾಗಿದ್ದರೆ ಎಲ್ಲರೂ ಹೀಗೇ ಆಡುತ್ತಿದ್ದರು. ಆದರೆ ನೀವು ಹತ್ತಿರ ಹೋಗುವಾಗ ಅವನೂ ಸುಮ್ನೆ ಕೂತಿರುವುದಿಲ್ಲ. ಎರಡನೇ ಸರದಿಯಲ್ಲೇ ನಿಮ್ಮ ಹಾಯಿಗೆ ಪೆಟ್ಟು ಬಿದ್ದರೆ ಹಿಂಬದಿಗೆ ಹೋಗುವ ಯೋಜನೆ ಕೈಬಿಡಬೇಕು. ಜನ 20ಕ್ಕೆ ಇಳಿದರೆ ಲಗ್ಗೆ ಹಾಕುವುದೋ ಓಡುವುದೋ ಅಂತ ಮತ್ತೆ ಲೆಕ್ಕ. ಪ್ರತಿ ಸರದಿಯಲ್ಲೂ ಎರಡು ತಕ್ಕಡಿ ಒಟ್ಟಿಗೆ ತೂಗಬೇಕು: ನಾನು ಉಳಿಯುತ್ತೇನಾ, ಉಳಿದರೆ ಏನು ಸಿಗುತ್ತದೆ.

ಇದು ಆಟ ಮಾಡುವವರು ಹುಟ್ಟಿಸಿದ ಕಥೆಯಲ್ಲ. 1695ರಲ್ಲಿ ಹೆನ್ರಿ ಎವ್ರಿ ಅನ್ನುವ ಇಂಗ್ಲಿಷ್ ಕಡಲ್ಗಳ್ಳ 'ಫ್ಯಾನ್ಸಿ' ಅನ್ನುವ ಹಡಗಿನಲ್ಲಿ ಔರಂಗಜೇಬನ 'ಗಂಜ್-ಇ-ಸವಾಯಿ' ಹಡಗನ್ನು ಹಿಡಿದ. ಹಜ್ ಯಾತ್ರಿಗಳನ್ನು ಹೊತ್ತು ಸೂರತ್ತಿಗೆ ಮರಳುತ್ತಿದ್ದ ಆ ಹಡಗು ಭಾರೀ ದೊಡ್ಡದು. ಅದರಲ್ಲಿ ಫಿರಂಗಿಗಳೂ ನೂರಾರು ಸೈನಿಕರೂ ಇದ್ದರು. ಆದರೆ ಕಾಳಗದ ಶುರುವಿನಲ್ಲೇ ಅದರ ಒಂದು ಫಿರಂಗಿ ಸಿಡಿದು ತನ್ನವರನ್ನೇ ಕೊಂದಿತು. ಫ್ಯಾನ್ಸಿಯ ಗುಂಡು ಅದರ ಮುಖ್ಯ ಹಾಯಿಕಂಬವನ್ನು ಉರುಳಿಸಿತು. ಕಂಬ ಬಿದ್ದ ಮೇಲೆ ಎಷ್ಟು ದೊಡ್ಡ ಹಡಗಾದರೂ ಓಡುವುದೆಲ್ಲಿಗೆ? ಎವ್ರಿಯವರು ಹತ್ತಿ ಕಾದಾಡಿ ಹಡಗನ್ನು ವಶ ಮಾಡಿಕೊಂಡರು. ಆಮೇಲೆ ಆ ಯಾತ್ರಿಗಳ ಮೇಲೆ, ಮುಖ್ಯವಾಗಿ ಹೆಂಗಸರ ಮೇಲೆ ನಡೆದ ಕ್ರೌರ್ಯವನ್ನು ಯಾವ ಆಟವೂ ತೋರಿಸುವುದಿಲ್ಲ. ತೋರಿಸಬೇಕು ಅಂತಲೂ ನಾನು ಹೇಳುವುದಿಲ್ಲ. ಆದರೆ ಪರದೆಯ ಮೇಲಿನ ಕಡಲ್ಗಳ್ಳ ನಗುನಗುತ್ತಾ ಓಡಾಡುವಾಗ ನಿಜವಾದವನು ಹಾಗಿರಲಿಲ್ಲ ಅನ್ನುವುದು ನಮಗೆ ಗೊತ್ತಿರಬೇಕು.

ಹಿಡಿಯುವ ಈ ಆಸೆಯನ್ನು ದೊಡ್ಡ ಸ್ಟ್ರಾಟಜಿ ಆಟಗಳೂ ಎತ್ತಿಕೊಂಡಿವೆ. 'ಸಿವಿಲೈಸೇಷನ್ 5'ರಲ್ಲಿ ಪ್ರೈವೆಟಿಯರ್, ಅಂದರೆ ಕೊಳ್ಳೆಗೆ ಸರ್ಕಾರದ ಪರವಾನಗಿ ಇರುವ ಖಾಸಗಿ ಹಡಗು, ತಾನು ಸೋಲಿಸಿದ ಶತ್ರು ಹಡಗನ್ನು ತನ್ನ ಕಡೆಗೇ ಸೇರಿಸಿಕೊಳ್ಳುವ ಅವಕಾಶ ಇದೆ. ದಡದ ಊರಿನ ಮೇಲೆ ಬಿದ್ದರೆ ಹಣವೂ ಸಿಗುತ್ತದೆ.

ಲಗ್ಗೆ

ಹಡಗಿಗೆ ಹಡಗು ತಾಗಿದ ಮೇಲೆ ಆಟದ ಅಳತೆ ಬದಲಾಗುತ್ತದೆ. ಅಲ್ಲಿಯವರೆಗೆ ಹಡಗೇ ಒಂದು ಕಾಯಿ. ಈಗ ಒಬ್ಬೊಬ್ಬ ಮನುಷ್ಯನೂ ಒಂದು ಕಾಯಿ. ಈ ಎರಡು ಹಂತಗಳನ್ನು ಹೇಗೆ ಬೆಸೆಯುತ್ತಾರೆ ಅನ್ನುವುದರ ಮೇಲೆ ಆಟ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ತೀರ್ಮಾನಿಸುತ್ತೇನೆ.

'ಪಜಲ್ ಪೈರೇಟ್ಸ್' ಇದನ್ನು ಸೊಗಸಾಗಿ ಮಾಡಿತು. ಫಿರಂಗಿ ಕಾಳಗದಲ್ಲಿ ಪೆಟ್ಟು ತಿಂದ ಕಡೆಯವರು ಕತ್ತಿ ಕಾಳಗ ಶುರು ಮಾಡುವಾಗಲೇ ಅವರ ಒಗಟಿನ ಹಾಸಿನಲ್ಲಿ ಅಡ್ಡಿಯ ತುಂಡುಗಳು ಬಂದು ಕೂತಿರುತ್ತವೆ. ಮೊದಲ ಹಂತದ ಒಳ್ಳೆಯ ಕೆಲಸ ಎರಡನೇ ಹಂತದಲ್ಲಿ ಕಣ್ಣಿಗೆ ಕಾಣುವ ಲಾಭ. 2024ರ 'ರೋಗ್ ವಾಟರ್ಸ್' ಇನ್ನೂ ಮುಂದೆ ಹೋಯಿತು. 'ಹಾರ್ಡ್ ವೆಸ್ಟ್ 2' ಮಾಡಿದ ಐಸ್ ಕೋಡ್ ಗೇಮ್ಸ್ ತಂಡದ್ದೇ ಈ ಆಟ. ಅಲ್ಲಿ ಮೊದಲು ಹಡಗುಗಳ ನಡುವೆ ಗುಂಡಿನ ಕಾಳಗ. ಅದರಲ್ಲಿ ಎದುರಾಳಿ ಹಡಗಿನ ಯಾವ ಭಾಗಕ್ಕೆ ಪೆಟ್ಟು ಕೊಡಬೇಕು ಅಂತ ಆರಿಸಬೇಕು. ಆಮೇಲೆ ಲಗ್ಗೆ. ಇಕ್ಕಟ್ಟಿನ ಹಡಗಿನ ಮೇಲೆ ಶತ್ರುವನ್ನು ಕತ್ತಿಯಿಂದ ಕೊಲ್ಲುವುದಕ್ಕಿಂತ ಅಂಚಿಗೆ ತಂದು ಒಂದು ಒದೆ ಕೊಟ್ಟು ನೀರಿಗೆ ಬೀಳಿಸುವುದು ಎಷ್ಟೋ ಸಲ ಸುಲಭ. ನಿಂತ ಜಾಗವೇ ಆಯುಧ. ಎದುರಾಳಿಯ ಬಲ ಎಷ್ಟಿದ್ದರೂ ಅವನು ಅಂಚಿನ ಮನೆಯಲ್ಲಿದ್ದರೆ ಒಂದೇ ನಡೆ ಸಾಕು. ಈ ಒಂದು ನಿಯಮದಿಂದ ಇಡೀ ಹಾಸಿನ ಪ್ರತಿ ಮನೆಗೂ ಬೇರೆ ಬೇರೆ ಬೆಲೆ ಬಂದುಬಿಡುತ್ತದೆ.

ಲಗ್ಗೆ ಎಷ್ಟು ಅಪಾಯದ್ದು ಅನ್ನುವುದಕ್ಕೆ ಇತಿಹಾಸದಲ್ಲಿ ಒಂದು ಕಾಳಗವಿದೆ. ಸರದಿ ಸರದಿಯಾಗಿ ಬಿಡಿಸಿ ಹೇಳಬಹುದಾದ ಕಾಳಗ. 1718ರ ನವೆಂಬರ್ 22, ಉತ್ತರ ಅಮೆರಿಕದ ಓಕ್ರಕೋಕ್ ದ್ವೀಪದ ಹತ್ತಿರ. ಬ್ಲ್ಯಾಕ್‌ಬಿಯರ್ಡ್ ಅಂತ ಹೆಸರಾದ ಎಡ್ವರ್ಡ್ ಟೀಚ್‌ನನ್ನು ಹಿಡಿಯಲು ಲೆಫ್ಟಿನೆಂಟ್ ರಾಬರ್ಟ್ ಮೇನಾರ್ಡ್ ಎರಡು ಸ್ಲೂಪ್ ತಂದ. ಅವುಗಳಲ್ಲಿ ಫಿರಂಗಿಯೇ ಇರಲಿಲ್ಲ. ಅಲ್ಲಿನ ನೀರು ಕಡಿಮೆ ಆಳದ್ದು, ಮರಳು ದಿಬ್ಬಗಳ ಜಾಗ. ಮೇನಾರ್ಡನ ಹಡಗುಗಳು ದಿಬ್ಬಕ್ಕೆ ಸಿಕ್ಕಿಕೊಂಡವು. ಭಾರ ಎಸೆದು ಹಗುರ ಮಾಡಿಕೊಂಡು ಮತ್ತೆ ತೇಲಿದವು. ಟೀಚ್ ಪಕ್ಕೆಯ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದ. ಮೇನಾರ್ಡನ ಕಡೆ ಹಲವರು ಸತ್ತರು, ಹಲವರು ಗಾಯಗೊಂಡರು. ಆಗ ಮೇನಾರ್ಡ್ ಉಳಿದವರಲ್ಲಿ ಹೆಚ್ಚಿನವರನ್ನು ಹಡಗಿನ ಒಳಗೆ ಇಳಿಸಿ ಅಡಗಿಸಿದ. ಮೇಲೆ ಜನ ಕಾಣಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡು ಟೀಚ್ ಲಗ್ಗೆ ಹಾಕಿದ. ಒಳಗಿದ್ದವರು ಮೇಲೆ ನುಗ್ಗಿದರು. ಟೀಚ್ ಅಲ್ಲೇ ಸತ್ತ.

ಆಟದ ಕಣ್ಣಿನಿಂದ ನೋಡಿದರೆ ಇಲ್ಲಿ ಎಲ್ಲ ಇದೆ. ಆಳ ಕಡಿಮೆ ಇರುವ ಮನೆಗಳು. ಒಂದು ಸರದಿ ಪೂರ್ತಿ ವ್ಯರ್ಥವಾಗಿ ಕೂತ ಹಡಗು. ಒಂದೇ ಸುತ್ತಿನ ಭಾರೀ ಪೆಟ್ಟು. ಕೊನೆಗೆ, ಎದುರಾಳಿಗೆ ಕಾಣುವ ಸಂಖ್ಯೆ ಒಂದು, ನಿಜವಾದ ಸಂಖ್ಯೆ ಇನ್ನೊಂದು. ಎದುರಾಳಿಯ ಜನ ಎಷ್ಟು ಅಂತ ಪರದೆಯ ಮೇಲೆ ಸದಾ ಬರೆದು ತೋರಿಸುವ ಆಟದಲ್ಲಿ ಮೇನಾರ್ಡನ ಉಪಾಯ ಮಾಡಲು ಸಾಧ್ಯವೇ ಇಲ್ಲ. ಎಲ್ಲವನ್ನೂ ತೋರಿಸಿದರೆ ಲೆಕ್ಕ ಚೊಕ್ಕ, ಸ್ವಲ್ಪ ಮುಚ್ಚಿಟ್ಟರೆ ಮೋಸಕ್ಕೆ ಜಾಗ. ಕಡಲ್ಗಳ್ಳರ ಆಟದಲ್ಲಿ ಮೋಸಕ್ಕೆ ಜಾಗ ಇರಲೇಬೇಕು ಅನ್ನುವ ಪಕ್ಷ ನನ್ನದು.

ಅದೃಷ್ಟದ ಬಗ್ಗೆ ಎರಡು ಮಾತು. ಗುಂಡು ತಾಗುವ ಸಾಧ್ಯತೆ 70 ಶೇಕಡ ಅಂತ ಆಟ ತೋರಿಸಿದರೆ ನಮಗೆ ಅದು ತಾಗಿದಂತೆಯೇ ಅನ್ನಿಸುತ್ತದೆ. ಆದರೆ ಮೂರು ಗುಂಡೂ ತಾಗಲೇಬೇಕಾದ ಯೋಜನೆ ಹಾಕಿದರೆ ಅದು ನಡೆಯುವುದು ಮೂರರಲ್ಲಿ ಒಂದು ಸಲ, ಸುಮಾರು 34 ಶೇಕಡ. 90 ಶೇಕಡದ ಹತ್ತು ಗುಂಡು ಹೊಡೆದರೂ ಒಂದಾದರೂ ತಪ್ಪುವ ಸಾಧ್ಯತೆ 65 ಶೇಕಡ. ಹಾಗಾಗಿ ಎಲ್ಲ ಸರಿ ಹೋದರೆ ಗೆಲ್ಲುವ ಯೋಜನೆ ಬೇಡ. ಒಂದು ಗುಂಡು ತಪ್ಪಿದರೂ ಹಿಂದೆ ಸರಿಯಲು ಜಾಗ ಇರುವ ಯೋಜನೆ ಬೇಕು.

ಪಾಲು ಕೇಳುವ ಜನ

ಕೊಳ್ಳೆ ಸಿಕ್ಕಿತು. ಯಾರಿಗೆ ಎಷ್ಟು? ಇಲ್ಲಿಂದ ಕಾಳಗದ ಹಾಸು ಬಿಟ್ಟು ದೊಡ್ಡ ನಕ್ಷೆಯ ಆಟ ಶುರು.

ಕಡಲ್ಗಳ್ಳರ ಹಡಗು ನೌಕಾಪಡೆಯ ಹಡಗಿನ ಹಾಗೆ ಇರಲಿಲ್ಲ. ಬಾರ್ತಲೊಮ್ಯೂ ರಾಬರ್ಟ್ಸ್‌ನ ಹಡಗಿನ ಕರಾರು ಇಂದಿಗೂ ಓದಲು ಸಿಗುತ್ತದೆ. ಮುಖ್ಯ ವಿಷಯಗಳಲ್ಲಿ ಪ್ರತಿಯೊಬ್ಬನಿಗೂ ಒಂದು ಮತ. ಕೊಳ್ಳೆಯಲ್ಲಿ ನಾಯಕನಿಗೂ, ಕೊಳ್ಳೆ ಹಂಚುವ ಅಧಿಕಾರಿಯಾದ ಕ್ವಾರ್ಟರ್‌ಮಾಸ್ಟರ್‌ಗೂ ಎರಡೆರಡು ಪಾಲು. ಫಿರಂಗಿ ನೋಡಿಕೊಳ್ಳುವವನಂಥವರಿಗೆ ಒಂದೂವರೆ, ಉಳಿದ ಅಧಿಕಾರಿಗಳಿಗೆ ಒಂದೂಕಾಲು, ಸಾಮಾನ್ಯ ನಾವಿಕನಿಗೆ ಒಂದು. ನಾಯಕನಿಗೂ ಸಾಮಾನ್ಯನಿಗೂ ಅಂತರ ಬರೀ ಎರಡು ಪಟ್ಟು. ಕೆಲಸಕ್ಕೆ ಬಾರದ ನಾಯಕನನ್ನು ಜನ ಇಳಿಸುತ್ತಿದ್ದರು.

ಸ್ಟ್ರಾಟಜಿ ಆಟಕ್ಕೆ ಇದು ಚಿನ್ನದಂಥ ವಸ್ತು. ಯಾಕೆಂದರೆ ಇಂಥ ಆಟಗಳಲ್ಲಿ ಒಂದು ಹಳೆಯ ತೊಂದರೆ ಇದೆ. ಒಂದು ಹಡಗು ಹಿಡಿದವನಿಗೆ ಎರಡನೆಯದು ಸುಲಭ, ಎರಡು ಹಿಡಿದವನಿಗೆ ನಾಲ್ಕು ಸುಲಭ. ಅರ್ಧ ಆಟ ಮುಗಿಯುವಷ್ಟರಲ್ಲಿ ನಿಮ್ಮನ್ನು ತಡೆಯುವವರೇ ಇರುವುದಿಲ್ಲ, ಬೇಜಾರು ಶುರುವಾಗುತ್ತದೆ. ಪಾಲಿನ ನಿಯಮ ಇದಕ್ಕೆ ತಾನಾಗಿ ಕಡಿವಾಣ ಹಾಕುತ್ತದೆ. ಹಡಗು ಜಾಸ್ತಿಯಾದರೆ ಜನ ಜಾಸ್ತಿ. ಜನ ಜಾಸ್ತಿಯಾದರೆ ಒಬ್ಬೊಬ್ಬರ ಪಾಲು ಕಡಿಮೆ. ಪಾಲು ಕಡಿಮೆಯಾದರೆ ಗೊಣಗಾಟ, ಆಮೇಲೆ ದಂಗೆ. 'ಪೈರೇಟ್ಸ್!' ಆಟದಲ್ಲಿ ತುಂಬ ದಿನ ಕಡಲಲ್ಲೇ ಅಲೆದರೆ ಜನರ ಮನಸ್ಸು ಕೆಡುತ್ತದೆ, ಕೊನೆಗೆ ಕೊಳ್ಳೆ ಹಂಚಿ ಎಲ್ಲರನ್ನೂ ಕಳಿಸಿ ಹೊಸದಾಗಿ ಶುರು ಮಾಡಬೇಕಾಗುತ್ತದೆ. 'ಪೋರ್ಟ್ ರಾಯಲ್ 4' ಮಾಡಿದ ಗೇಮಿಂಗ್ ಮೈಂಡ್ಸ್ ತಂಡವೇ 2023ರಲ್ಲಿ ತಂದ 'ಟೋರ್ಟುಗಾ: ಎ ಪೈರೇಟ್ಸ್ ಟೇಲ್' ಕೂಡ ಇದನ್ನು ಮುಖ್ಯವಾಗಿಟ್ಟುಕೊಂಡಿದೆ. ಅಲ್ಲಿ ಜನರ ನಿಷ್ಠೆ ಕಾಯುವುದು ಕಾಳಗ ಗೆಲ್ಲುವಷ್ಟೇ ದೊಡ್ಡ ಕೆಲಸ.

ಇನ್ನು ರಾಜಕೀಯ. ಕೆರಿಬಿಯನ್ನಿನಲ್ಲಿ ಸ್ಪೇನ್, ಇಂಗ್ಲೆಂಡ್, ಫ್ರಾನ್ಸ್, ನೆದರ್ಲೆಂಡ್ಸ್ ನಾಲ್ಕೂ ಹೊಡೆದಾಡುತ್ತಿದ್ದವು. ಒಬ್ಬ ರಾಜನ ಪರವಾನಗಿ ಇದ್ದರೆ ಅವನ ಶತ್ರುವಿನ ಹಡಗು ಕೊಳ್ಳೆ ಹೊಡೆಯುವುದು ಕಾನೂನಿನ ಪ್ರಕಾರವೇ ಸರಿ. ಪರವಾನಗಿ ಇಲ್ಲದಿದ್ದರೆ ಅದೇ ಕೆಲಸಕ್ಕೆ ಗಲ್ಲು. ಹೆನ್ರಿ ಮಾರ್ಗನ್ 1671ರಲ್ಲಿ ಪನಾಮಾ ಊರನ್ನು ಹಿಡಿದಾಗ ಇಂಗ್ಲೆಂಡ್ ಮತ್ತು ಸ್ಪೇನ್ ಅದಾಗಲೇ, 1670ರಲ್ಲಿ, ಒಪ್ಪಂದ ಮಾಡಿಕೊಂಡಿದ್ದವು. ಅವನನ್ನು ಬಂಧಿಸಿ ಇಂಗ್ಲೆಂಡಿಗೆ ಕರೆದೊಯ್ದರು. ಆಮೇಲೆ ಅದೇ ಸರ್ಕಾರ ಅವನಿಗೆ 'ಸರ್' ಪದವಿ ಕೊಟ್ಟು ಜಮೈಕಾಕ್ಕೆ ಲೆಫ್ಟಿನೆಂಟ್ ಗವರ್ನರ್ ಮಾಡಿ ಕಳಿಸಿತು. ಹೀಗೆ ಹವೆ ಬದಲಾದಂತೆ ಕಳ್ಳ ಸಾಹೇಬನಾಗುವುದು, ಸಾಹೇಬ ಕಳ್ಳನಾಗುವುದು ಆಟದ ನಿಯಮವಾದಾಗ ಪ್ರತಿ ಕೊಳ್ಳೆಗೂ ಎರಡು ಬೆಲೆ ಬರುತ್ತದೆ: ಇವತ್ತಿನ ಹಣ, ನಾಳೆ ಮುಚ್ಚಿಹೋಗುವ ಬಂದರು.

ಸರದಿ ಆಟಗಳಲ್ಲಿ ಇದರ ಇನ್ನೊಂದು ರೂಪ ಬಾವುಟ ಮುಚ್ಚಿಟ್ಟ ಹಡಗು. 1994ರ 'ಕಾಲೊನೈಸೇಷನ್' ಆಟದಲ್ಲಿ ಪ್ರೈವೆಟಿಯರ್ ಕಳಿಸಿ ಯುದ್ಧ ಸಾರದೆಯೇ ಬೇರೆಯವರ ಸರಕು ಹಡಗು ದೋಚಬಹುದು. ಫ್ರಾನ್ಸಿಸ್ ಡ್ರೇಕ್ ನಿಮ್ಮ ಕಡೆ ಸೇರಿದರೆ ಆ ಹಡಗುಗಳ ಬಲ 50 ಶೇಕಡ ಏರುತ್ತದೆ. 2001ರ 'ಸಿವಿಲೈಸೇಷನ್ 3'ರಲ್ಲೂ ಪ್ರೈವೆಟಿಯರ್ ಯಾರದ್ದು ಅಂತ ಎದುರಾಳಿಗೆ ತಿಳಿಯುವುದಿಲ್ಲ. ಮಾತಿನ ಮೇಜಿನಲ್ಲಿ ಸ್ನೇಹ, ಕಡಲಲ್ಲಿ ಸುಲಿಗೆ.

ಎಲ್ಲಿಂದ ಶುರು ಮಾಡಬೇಕು

ಸರದಿ ಆಟವೇ ಹೊಸದು ಅನ್ನುವವರು 2015ರ 'ಬ್ರೇವ್‌ಲ್ಯಾಂಡ್ ಪೈರೇಟ್' ಆಡಿ. ಆರು ಮೂಲೆಯ ಮನೆಗಳು, ಚಿಕ್ಕ ಕಾಳಗಗಳು, ಎಲ್ಲವೂ ಸರಳ. ಹಡಗಿನ ಕಾಳಗ ಅದರಲ್ಲಿ ಹೆಚ್ಚಿಲ್ಲ, ಆದರೆ ಸರದಿಯ ಕ್ರಮ ಕೈಗೆ ಹತ್ತುತ್ತದೆ. ಮನುಷ್ಯರ ನಡುವಿನ ಲಗ್ಗೆ ಇಷ್ಟವಾದರೆ 'ರೋಗ್ ವಾಟರ್ಸ್'. ಹಡಗುಗಳನ್ನೇ ಓಡಿಸಬೇಕು ಅಂದರೆ 'ಟೋರ್ಟುಗಾ'. ವ್ಯಾಪಾರದ ಲೆಕ್ಕವೂ ಜೊತೆಗೆ ಬೇಕು ಅನ್ನುವವರಿಗೆ 'ಪೋರ್ಟ್ ರಾಯಲ್ 4', ಆದರೆ ಅದರಲ್ಲಿ ಕಾಳಗಕ್ಕಿಂತ ಸರಕು ಸಾಗಿಸುವುದೇ ಜಾಸ್ತಿ ಅಂತ ಮೊದಲೇ ತಿಳಿದಿರಲಿ. 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3' ಈಗಾಗಲೇ ಆಡಿದವರು ಅಭಿಮಾನಿಗಳೇ ಕಟ್ಟಿದ 'ಹಾರ್ನ್ ಆಫ್ ದಿ ಅಬಿಸ್' ಹಾಕಿಕೊಂಡು 'ಕೋವ್' ಊರನ್ನು ಆರಿಸಿ ನೋಡಿ. ಅಲ್ಲಿ ಕಡಲ್ಗಳ್ಳರ ಪಡೆಯೇ ಇದೆ.

ಯಾವುದನ್ನೇ ಹಿಡಿದರೂ ಮೊದಲ ಕಾಳಗದಲ್ಲಿ ಗುಂಡು ಹೊಡೆಯುವ ಮುಂಚೆ ಮೂರು ಕಡೆ ಕಣ್ಣು ಹಾಯಿಸಿ. ಗಾಳಿಯ ಗುರುತು ಎಲ್ಲಿದೆ, ಎದುರಾಳಿಯ ಹಿಂಬದಿಗೆ ಎಷ್ಟು ನಡೆ ಬೇಕು, ಅವನ ಜನ ಎಷ್ಟು. ಮೊದಲ ಸುತ್ತು ಯಾವಾಗಲೂ ಹಾಯಿಗೆ. ಒಡಲಿನ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿಯಿತೋ, ಉಂಡೆ ಗುಂಡು ನಿಲ್ಲಿಸಿ. ಆಮೇಲಿನ ಒಂದೊಂದು ಉಂಡೆ ಗುಂಡೂ ನಿಮ್ಮದೇ ಸರಕಿಗೆ ಬೀಳುತ್ತದೆ.